ಕಪ್ಪೆಗಳಲ್ಲಿ ಒಂದು ತಾಯಿ, ಹಲವು ತಂದೆ

ಮುಂಗಾರಿನ ಮೊದಲ ಮಳೆ ಬಿದ್ದ ರಾತ್ರಿ ಹೊಂಡ, ಗದ್ದೆಗಳಲ್ಲಿ ಕಪ್ಪೆಗಳ ವಟಗುಟ್ಟುವಿಕೆ ಕೇಳಿಬರುವುದು ಎಲ್ಲರಿಗೂ ತಿಳಿದದ್ದೇ. ಹೀಗೆ ಕೂಗುವುವು ಗಂಡುಗಳು. ಕೂಗನ್ನು ಅನುಸರಿಸಿ ಬಂದ ಹೆಣ್ಣನ್ನು ಗಂಡು ಬೆನ್ನಿನ ಮೇಲಿಂದ ಬಿಗಿಯಾಗಿ ಅಪ್ಪಿ ಹಿಡಿಯುತ್ತದೆ. ಹೆಣ್ಣು ತತ್ತಿ ಬಿಟ್ಟಂತೆಲ್ಲ ಗಂಡು ಅವುಗಳ ಮೇಲೆ ವೀರ್ಯ ಸುರಿಸುತ್ತದೆ. ಹೆಚ್ಚಿನ ಕಪ್ಪೆಗಳಲ್ಲಿ ತತ್ತಿಗಳು ದೇಹದ ಹೊರಗೇ ಫಲಿತವಾಗುವುದರಿಂದ, ಒಂದೇ ಹೆಣ್ಣಿನ ಮರಿಗಳಿಗೆ ಹಲವು ತಂದೆಗಳಿರಲು ಸಾಧ್ಯವಿದೆ. ಇದರಿಂದ ಹೆಣ್ಣಿಗೆ ಆಗುವ ಲಾಭವೇನು?

ನೊರೆಗೂಡಿನ ಕಪ್ಪೆ

ಆಫ್ರಿಕಾದ ದಕ್ಷಿಣ ಭಾಗದಲ್ಲಿರುವ ಬೂದು ಮರಗಪ್ಪೆಯ ಹೆಣ್ಣು ನೀರಿನ ಮೇಲೆ ಚಾಚಿದ ಕೊಂಬೆಯಲ್ಲಿ ಕುಳಿತು, ತಾನು ಸ್ರವಿಸಿದ ದ್ರವವನ್ನು ಹಿಂಗಾಲುಗಳಿಂದ ಕಡೆದು ನೊರೆಯ ಗೂಡು ಮಾಡಿ ಅದರಲ್ಲಿ ತತ್ತಿ ಇಡುತ್ತದೆ. ಆಗ ಹಲವು ಗಂಡುಗಳು ಸುತ್ತ ಸೇರಿ ವೀರ್ಯ ಬಿಡುತ್ತವೆ. ಒಂದೇ ಗಂಡಿನ ಗೂಡಿಗಿಂತ ಹಲವು ಗಂಡುಗಳ ಗೂಡಿನಲ್ಲಿ ಸರಾಸರಿ ಹೆಚ್ಚು ಮರಿಗಳು ಬದುಕಿ ಉಳಿದವೆಂದು 2011ರಲ್ಲಿ ಪ್ರಕಟವಾದ ಪ್ರಯೋಗದಿಂದ ಕಂಡುಬಂದಿದೆ. ನಮ್ಮ ಪಶ್ಚಿಮ ಘಟ್ಟದ ಹಾರುವ ಕಪ್ಪೆಯೂ ಇಂತಹ ನೊರೆಗೂಡನ್ನೇ ಕಟ್ಟುತ್ತದೆ.

ತತ್ತಿ ಹಂಚುವ ಕಪ್ಪೆ

ಆಸ್ಟ್ರೇಲಿಯದ ಬಿಬ್ರಾನ್ ಕಪ್ಪೆಯ ರೀತಿ ಬೇರೆ. ಇದರ ಗಂಡು ತರಗೆಲೆಗಳ ಅಡಿಯ ತೇವವಾದ ನೆಲದಲ್ಲಿ ಗೂಡು ಮಾಡುತ್ತದೆ. ಮಳೆನೀರು ನುಗ್ಗಿದಾಗ ತತ್ತಿಯೊಡೆದು ಗೊದಮೊಟ್ಟೆಗಳು ಹೊರಬರುತ್ತವೆ. ಮಳೆ ತಡವಾಗಿ ಗೂಡು ಒಣಗಿದರೆ ಅದರಲ್ಲಿದ್ದ ತತ್ತಿಗಳೆಲ್ಲ ನಾಶ. ಆದ್ದರಿಂದ ಹೆಣ್ಣು ತನ್ನ ತತ್ತಿಗಳನ್ನು 2ರಿಂದ 8 ಗಂಡುಗಳ ಗೂಡುಗಳಿಗೆ ಹಂಚುತ್ತದೆ. ಹೆಚ್ಚು ಗೂಡುಗಳಿಗೆ ಹಂಚಿದ ಹೆಣ್ಣಿನ ಸಂತಾನ ಹೆಚ್ಚು ಉಳಿಯುವುದೆಂದು 2009ರಲ್ಲಿ ವರದಿಯಾಯಿತು. ಮಳೆಯನ್ನೇ ನಂಬಿದ ರೈತನು ಬೀಜವನ್ನೆಲ್ಲ ಒಂದೇ ತಾಕಿಗೆ ಹಾಕದಿರುವಂತೆಯೇ ಇದು.

ರೈತರು ಮಾಡಬೇಕಾದುದು

ಕೀಟಗಳನ್ನು ತಿನ್ನುವ ಕಪ್ಪೆ ಬೆಳೆಗೆ ಮಿತ್ರ. ಭಾರತವು 1987ರಲ್ಲಿ ಕಪ್ಪೆಕಾಲುಗಳ ರಫ್ತನ್ನು ನಿಷೇಧಿಸಿತು. ಆದರೆ ತತ್ತಿ ಇಡುವ ಜಾಗವೇ ಹಾಳಾದರೆ ನಿಷೇಧದಿಂದಷ್ಟೇ ಕಪ್ಪೆಗಳು ಉಳಿಯವು. ಆದುದರಿಂದ:

1. ಮೊದಲ ಮಳೆಗೆ ನೀರು ನಿಲ್ಲುವ ಸಣ್ಣ ಹೊಂಡಗಳನ್ನೆಲ್ಲ ಮುಚ್ಚದೆ, ಸಾಧ್ಯವಾದಷ್ಟು ಉಳಿಸಿಕೊಳ್ಳಿರಿ. ಒಂದು ಬತ್ತಿದರೂ ಇನ್ನೊಂದರಲ್ಲಿ ಮರಿಗಳು ಉಳಿದಾವು.
2. ಸಿಂಪರಣಾ ಯಂತ್ರ ಹಾಗೂ ಔಷಧಿಯ ಡಬ್ಬಗಳನ್ನು ಹೊಂಡ, ಕಾಲುವೆಗಳಲ್ಲಿ ತೊಳೆಯಬಾರದು.
3. ಕೂಗಲು ಗುಂಪುಗೂಡಿದ ಕಪ್ಪೆಗಳನ್ನು ಹಿಡಿಯಬಾರದು. ಒಂದೇ ರಾತ್ರಿಯಲ್ಲಿ ಆ ವರ್ಷದ ಸಂತಾನವೇ ನಷ್ಟವಾದೀತು.