ಬಾಸ್ ಮೀನಿನ ಕೇಡುಗಾಲ ಯಾವುದು?

ಮೊಟ್ಟೆ ಇಡುವ ಮೀನನ್ನು ಹಿಡಿಯಬಾರದು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡ ಸೇರಿ ನಿಲ್ಲುವುದರ ಹಿಂದೆಯೂ, ಮಳೆಗಾಲದ ಕಡಲಿನ ಭಯದ ಜೊತೆಗೆ, ಇದೇ ವಿವೇಕವಿದೆ. ಹೀಗಿರುವಾಗ ಅಮೆರಿಕದ ಟೆಕ್ಸಸ್‌ನಲ್ಲಿ ಲಾರ್ಜ್‌ಮೌತ್ ಬಾಸ್ ಎಂಬ ಮೀನು ಮೊಟ್ಟೆಯಿಡುವ ಕಾಲದಲ್ಲೇ ಜಲಾಶಯಗಳ ಮೇಲೆ ಗಾಳ ಹಾಕುವವರ ಜಾತ್ರೆ ನೆರೆಯುತ್ತದೆ, ಸರ್ಕಾರವೂ ಅದಕ್ಕೆ ಅಡ್ಡ ಬರುವುದಿಲ್ಲ ಎಂದರೆ ಕೇಳಿದವರು ಹುಬ್ಬೇರಿಸುವುದು ಸಹಜ. ಆದರೆ ಆ ಜಲಾಶಯಗಳ ನೀರು, ಅಲ್ಲಿನ ಮೀನಿನ ಬದುಕು, ನಿಯಮಗಳು ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಬಾಸ್ ಮೀನಿಗೆ ಅಲ್ಲಿ ಕೇಡುಗಾಲವೆಂದರೆ ವಸಂತವಲ್ಲ, ಬಿರುಬೇಸಿಗೆ. ಅದನ್ನು ಉಳಿಸಿರುವುದೂ ತಿಂಗಳ ಲೆಕ್ಕದ ನಿಷೇಧವಲ್ಲ, ಅಳತೆಪಟ್ಟಿ.

ಲೇಕ್ ಫೋರ್ಕ್ ಇದಕ್ಕೆ ಒಳ್ಳೆಯ ಉದಾಹರಣೆ. ಡಲ್ಲಾಸ್ ನಗರದಿಂದ ಪೂರ್ವಕ್ಕೆ ಕಾರಿನಲ್ಲಿ ಒಂದೂವರೆ ಗಂಟೆ ದೂರದಲ್ಲಿ, ಸಬೀನ್ ನದಿಯನ್ನು ಸೇರುವ ಒಂದು ಹಳ್ಳಕ್ಕೆ 1980ರಲ್ಲಿ ಕಟ್ಟೆ ಹಾಕಿ ನಿಲ್ಲಿಸಿದ ನೀರು ಇದು. ವಿಸ್ತಾರ ಸುಮಾರು 27,000 ಎಕರೆ. ಕಟ್ಟಿದ್ದು ಊರುಗಳಿಗೆ ನೀರು ಕೊಡಲಿಕ್ಕೆ. ಡಲ್ಲಾಸ್‌ನ ನೀರಿನ ಮೂಲಗಳಲ್ಲಿ ಇದೂ ಒಂದು, ಆದ್ದರಿಂದ ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಪೂರಾ ಪರಕೀಯ ಜಲಾಶಯವೇನಲ್ಲ. ಮೀನುಗಾರಿಕೆಯ ಅಧಿಕಾರಿಗಳು ಇಲ್ಲಿ ಆರಂಭದಲ್ಲೇ ಎರಡು ಕೆಲಸ ಮಾಡಿದರು. ಮುಳುಗಡೆ ಪ್ರದೇಶದ ಮರಗಳನ್ನು ಬಹುಪಾಲು ಕಡಿಯದೆ ನಿಂತಲ್ಲೇ ಬಿಡಲಾಯಿತು. ನೀರು ಏರುವ ಮೊದಲೇ ಆ ಪಾತ್ರದ ಸಣ್ಣ ಹೊಂಡಗಳಲ್ಲಿ ಬೇಗ ಬೆಳೆದು ದೊಡ್ಡದಾಗುವ ಫ್ಲಾರಿಡಾ ತಳಿಯ ಬಾಸ್ ಮರಿಗಳನ್ನು ಬಿತ್ತಲಾಯಿತು. ಹೊಸ ನೀರು ಹೊಸ ನೆಲವನ್ನು ಮುಳುಗಿಸಿದಾಗ ಮೇವು ಹೇರಳ. ಜೊತೆಗೆ ಅಡಗಲು ಮರ, ಜೊಂಡು. 1992ರ ಜನವರಿಯಲ್ಲಿ ಬ್ಯಾರಿ ಸೇಂಟ್ ಕ್ಲೇರ್ ಎಂಬವರು ಇಲ್ಲಿ ಹಿಡಿದ 18.18 ಪೌಂಡ್, ಅಂದರೆ ಎಂಟೂಕಾಲು ಕಿಲೋ ತೂಕದ ಬಾಸ್ ಇಂದಿಗೂ ಟೆಕ್ಸಸ್‌ನ ದಾಖಲೆ. ತಮಾಷೆಯೆಂದರೆ ಅವರು ಅಂದು ಬಾಸ್ ಹಿಡಿಯಲು ಹೊರಟವರೇ ಅಲ್ಲ, ಜೀವಂತ ಸಣ್ಣ ಮೀನನ್ನು ಗಾಳಕ್ಕೆ ಸಿಕ್ಕಿಸಿ ಕ್ರ್ಯಾಪಿ ಎಂಬ ಚಿಕ್ಕ ಜಾತಿಯ ಮೀನಿಗೆ ಕಾದಿದ್ದವರು.

ಆ ದಾಖಲೆ ಜನವರಿಯಲ್ಲಿ ಬಂದದ್ದು ಆಕಸ್ಮಿಕವಲ್ಲ. ಚಳಿಗಾಲದ ಕೊನೆಗೆ ಹೆಣ್ಣು ಬಾಸ್‌ನ ಹೊಟ್ಟೆಯಲ್ಲಿ ಮೊಟ್ಟೆ ಬಲಿಯುತ್ತ ಬರುತ್ತದೆ, ತೂಕ ಏರುತ್ತದೆ. ಬಾಸ್ ಜಾತಿಯಲ್ಲಿ ಭಾರಿ ಗಾತ್ರಕ್ಕೆ ಬೆಳೆಯುವುದು ಹೆಣ್ಣೇ. ಅದರ ದಿನಚರಿಯನ್ನು ನಡೆಸುವುದು ಕ್ಯಾಲೆಂಡರ್ ಅಲ್ಲ, ನೀರಿನ ಉಷ್ಣಾಂಶ. ನೀರು 15-16 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಗಂಡು ದಡದ ಹತ್ತಿರ, ಎರಡರಿಂದ ಎಂಟು ಅಡಿ ಆಳದಲ್ಲಿ, ಬಾಲದಿಂದ ಕೆಸರು ಗುಡಿಸಿ ಒಂದು ದುಂಡನೆಯ ಗೂಡು ಮಾಡುತ್ತದೆ. ಟೆಕ್ಸಸ್‌ನಲ್ಲಿ ಇದು ಫೆಬ್ರವರಿಯಲ್ಲೇ ಆಗಬಹುದು, ಮೇವರೆಗೂ ತಡವಾಗಬಹುದು. ಹೆಣ್ಣು ಬಂದು ಎರಡು ಸಾವಿರದಿಂದ ನಲವತ್ತು ಸಾವಿರದವರೆಗೆ ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಹೋಗದಿದ್ದರೆ ಗಂಡೇ ಅಟ್ಟುತ್ತದೆ. ಮುಂದಿನ ಐದರಿಂದ ಹತ್ತು ದಿನ ಮೊಟ್ಟೆ ಒಡೆಯುವ ತನಕ, ಆಮೇಲೂ ಕೆಲವು ದಿನ, ಕಾವಲು ಅಪ್ಪನದು. ಈ ಹೊತ್ತಿನಲ್ಲಿ ಗಾಳಗಾರ ಒಂದು ಪ್ಲಾಸ್ಟಿಕ್ ಹಲ್ಲಿಯನ್ನು ಗೂಡಿನ ನಡುವೆ ಇಳಿಬಿಟ್ಟರೆ ಗಂಡು ಅದನ್ನು ಹಸಿವಿಗೆಂದು ಕಚ್ಚುವುದಿಲ್ಲ. ಕಳ್ಳನನ್ನು ಹೊರಹಾಕಲು ಬಾಯಲ್ಲಿ ಎತ್ತಿ ಆಚೆ ಒಯ್ದು ಉಗುಳಲು ನೋಡುತ್ತದೆ. ಕೊಕ್ಕೆ ಸಿಕ್ಕುವುದು ಆ ಗಳಿಗೆಯಲ್ಲಿ. ಅದು ದೋಣಿಯ ಮೇಲಿರುವ ನಾಲ್ಕು ನಿಮಿಷದಲ್ಲಿ, ಹತ್ತಿರವೇ ಹೊಂಚುಹಾಕಿರುವ ಬ್ಲೂಗಿಲ್ ಎಂಬ ಚಿಕ್ಕ ಮೀನುಗಳು ಗೂಡಿಗೆ ನುಗ್ಗುತ್ತವೆ.

ಇಷ್ಟು ಓದಿದವರು, ಇದಕ್ಕಿಂತ ದೊಡ್ಡ ಕೇಡು ಯಾವುದಿದೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಅಮೆರಿಕದ ಸರೋವರಗಳಲ್ಲಿ ನಡೆದ ಅಧ್ಯಯನಗಳು, ಕಾವಲಿನ ಗಂಡನ್ನು ಹಿಡಿದು ಬಿಟ್ಟರೂ ಆ ಗೂಡು ಹಾಳಾಗುವ ಸಂಭವ ಹೆಚ್ಚು ಎಂದು ತೋರಿಸಿವೆ. ಕೆನಡಾದ ಒಂಟಾರಿಯೊದ ಬಹಳ ಕಡೆ ಜೂನ್ ತಿಂಗಳ ದ್ವಿತೀಯಾರ್ಧದವರೆಗೆ ಬಾಸ್‌ಗೆ ಗಾಳ ಹಾಕುವುದೇ ನಿಷಿದ್ಧ. ಆದರೆ ಒಂದು ಗೂಡು ಹಾಳಾಗುವುದು ಬೇರೆ, ಮುಂದಿನ ವರ್ಷ ಮೀನು ಕಡಿಮೆಯಾಗುವುದು ಬೇರೆ. ಉತ್ತರದಲ್ಲಿ ಬೆಳೆಯುವ ಕಾಲ ಚಿಕ್ಕದು. ಹಿಮ ಬೀಳುವ ಮುನ್ನ ಸಾಕಷ್ಟು ಗಾತ್ರಕ್ಕೆ ಬಾರದ ಮರಿ ಚಳಿಗೆ ಉಳಿಯುವುದಿಲ್ಲ. ಹೀಗಾಗಿ ತಡವಾಗಿ ಹುಟ್ಟಿದ ಮರಿ ಕಳೆದುಹೋದ ಗೂಡಿನ ನಷ್ಟ ತುಂಬಲಾರದು. ಟೆಕ್ಸಸ್‌ನಲ್ಲಿ ಮೊಟ್ಟೆಯ ಕಾಲವೇ ವಾರಗಟ್ಟಲೆ ಹರಡಿಕೊಂಡಿರುತ್ತದೆ, ಚಳಿ ಸೌಮ್ಯ, ಬೆಳೆಯಲು ತಿಂಗಳುಗಳಿವೆ. ಜೊತೆಗೆ ಪಾಚಿಯ ನಡುವೆ, ಕದಡಿದ ನೀರಿನಲ್ಲಿ, ಮುಳುಗಿದ ಮರಗಳ ಬುಡದಲ್ಲಿರುವ ಗೂಡುಗಳಲ್ಲಿ ಎಷ್ಟೋ ಗಾಳಗಾರನ ಕಣ್ಣಿಗೇ ಬೀಳುವುದಿಲ್ಲ. ಹುಟ್ಟಿದ ಸಾವಿರಾರು ಮರಿಗಳಲ್ಲಿ ವರ್ಷ ದಾಟುವುದು ಬೆರಳೆಣಿಕೆಯಷ್ಟು. ಆ ಸಂಖ್ಯೆಯನ್ನು ತೀರ್ಮಾನಿಸುವುದು ಗೂಡುಗಳ ಲೆಕ್ಕಕ್ಕಿಂತ ಹೆಚ್ಚಾಗಿ ಮೇವು, ಮರೆ ಮತ್ತು ನೀರಿನ ಮಟ್ಟ. ಒಂಟಾರಿಯೊದ ನಿಯಮ ಒಂಟಾರಿಯೊದಲ್ಲಿ ಸರಿ. ಅದನ್ನು ಕಿತ್ತು ತಂದು ಟೆಕ್ಸಸ್‌ನಲ್ಲಿ ನೆಡಬೇಕಾಗಿಲ್ಲ.

ಹಾಗಾದರೆ ಅಲ್ಲಿ ಮೀನನ್ನು ಕಾಯುವುದು ಯಾವುದು? ಲೇಕ್ ಫೋರ್ಕ್‌ನಲ್ಲಿ 16 ಇಂಚಿಗಿಂತ ಚಿಕ್ಕ ಬಾಸ್ ಅನ್ನು ಮನೆಗೆ ಒಯ್ಯಬಹುದು. 16ರಿಂದ 24 ಇಂಚಿನೊಳಗಿನದನ್ನು ಕಡ್ಡಾಯವಾಗಿ ನೀರಿಗೇ ಬಿಡಬೇಕು. ದಿನಕ್ಕೆ ಐದು ಮೀನಿನ ಮಿತಿಯಲ್ಲಿ 24 ಇಂಚು ಅಥವಾ ಅದಕ್ಕಿಂತ ಉದ್ದದ್ದು ಒಂದೇ ಒಂದು. ತರ್ಕ ಸರಳವಾಗಿದೆ. ಚಿಕ್ಕವು ದಂಡಿಯಾಗಿರುತ್ತವೆ, ಮೇವಿಗೆ ಪೈಪೋಟಿ ಮಾಡುತ್ತವೆ, ಅವನ್ನು ಒಂದಿಷ್ಟು ತೆಗೆದರೆ ಉಳಿದವು ಬೇಗ ಬೆಳೆಯುತ್ತವೆ. ನಡುಗಾತ್ರದವು ನಾಳಿನ ದೈತ್ಯರು. ಆರು ಕಿಲೋ ಮುಟ್ಟಲು ಬಾಸ್‌ಗೆ ಸಾಮಾನ್ಯವಾಗಿ ಎಂಟು-ಹತ್ತು ವರ್ಷ ಬೇಕು, ಅಷ್ಟೂ ವರ್ಷ ಅದು ಹತ್ತಾರು ಗಾಳ ದಾಟಿ ಬರಬೇಕು. ಈ ನಿಯಮ ಇಲ್ಲದಿದ್ದರೆ ಅದು ಮೂರನೆಯ ವರ್ಷದಲ್ಲೇ ಬಾಣಲೆ ಸೇರುತ್ತಿತ್ತು. ಆದರೆ ಇಲ್ಲೂ ಒಂದು ವಿಚಿತ್ರ ತೊಡಕು ಇದೆ. 1967ರಲ್ಲಿ ಬಾಸ್ ಪಂದ್ಯಗಳನ್ನು ಆರಂಭಿಸಿದ ರೇ ಸ್ಕಾಟ್, 1972ರಿಂದ ಹಿಡಿದ ಮೀನನ್ನು ಕೊಲ್ಲಬೇಡಿ ಎಂಬ ಆಂದೋಲನ ನಡೆಸಿದರು. ಅದು ಎಷ್ಟು ಬೇರೂರಿತೆಂದರೆ ಇಂದು ಬಹುಪಾಲು ಗಾಳಗಾರರು ಒಯ್ಯಬಹುದಾದ ಚಿಕ್ಕ ಮೀನನ್ನೂ ಬಿಟ್ಟುಬಿಡುತ್ತಾರೆ. ಚಿಕ್ಕವು ಕಡಿಮೆಯಾಗಲೆಂದು ಮಾಡಿದ ನಿಯಮದ ಅರ್ಧ ಭಾಗ ಹೀಗೆ ಕಾಗದದಲ್ಲೇ ಉಳಿಯುತ್ತದೆ. ಹನ್ನೆರಡು ಇಂಚಿನ ಎರಡು ಮೀನನ್ನು ಒಯ್ದು ಹುರಿದು ತಿನ್ನುವವನು ಆ ಜಲಾಶಯಕ್ಕೆ ಉಪಕಾರವನ್ನೇ ಮಾಡುತ್ತಾನೆ, ಉಳಿದವರು ಕೆಕ್ಕರಿಸಿ ನೋಡಿದರೂ.

ಬೇಸಿಗೆಯ ಮಾತು ಬೇರೆ. ಜೂನ್ ಕಳೆದರೆ ಲೇಕ್ ಫೋರ್ಕ್‌ನ ಮೇಲ್ಪದರದ ನೀರು 30 ಡಿಗ್ರಿ ದಾಟುತ್ತದೆ. ಬಿಸಿನೀರು ಹಗುರ, ತಣ್ಣೀರು ಭಾರ. ಹಾಗಾಗಿ ಆಳದ ಜಲಾಶಯ ಎರಡು ಪದರವಾಗಿ ಬೇರ್ಪಟ್ಟು, ಕೆಳಗಿನ ನೀರು ತಿಂಗಳುಗಟ್ಟಲೆ ಗಾಳಿಯ ಸಂಪರ್ಕವಿಲ್ಲದೆ ಕೊಳೆತ ಎಲೆಗಳ ಜೊತೆ ಕುಳಿತುಬಿಡುತ್ತದೆ, ಅದರ ಆಮ್ಲಜನಕ ತೀರಿಹೋಗುತ್ತದೆ. ಮೇಲಿನ ನೀರಿನಲ್ಲೂ ಸಮೃದ್ಧಿಯಿಲ್ಲ. 10 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ 30 ಡಿಗ್ರಿಯ ನೀರು ಹಿಡಿಯುವುದು ಏಳೂವರೆಯಷ್ಟು. ಅದೇ ಹೊತ್ತಿಗೆ ಮೀನಿನ ಮೈ ಬಿಸಿಯಾಗಿ ಅದಕ್ಕೆ ಬೇಕಾದ ಉಸಿರು ಹೆಚ್ಚಾಗಿರುತ್ತದೆ. ತಂಪು ಕೆಳಗಿದೆ, ಉಸಿರು ಮೇಲಿದೆ; ದೊಡ್ಡ ಬಾಸ್ ಇವೆರಡರ ಗಡಿಯಲ್ಲಿ, ಮುಳುಗಿದ ಹಳೆಯ ರಸ್ತೆಯ ಅಂಚಿನಲ್ಲೋ ತೊರೆಯ ತಿರುವಿನಲ್ಲೋ ನಿಂತಿರುತ್ತದೆ. ಅಲ್ಲಿಂದ ಎಳೆದು ತಂದರೆ ಒತ್ತಡ ಇಳಿದು ಒಳಗಿನ ಗಾಳಿಚೀಲ ಉಬ್ಬುತ್ತದೆ, ಬಿಟ್ಟ ಮೇಲೂ ಕೆಲವೊಮ್ಮೆ ಅದು ಕೆಳಗಿಳಿಯಲಾರದೆ ಹೊಟ್ಟೆ ಮೇಲಾಗಿ ತೇಲುತ್ತದೆ. ಪಂದ್ಯಗಳಲ್ಲಿ ದಿನವಿಡೀ ದೋಣಿಯ ತೊಟ್ಟಿಯಲ್ಲಿಟ್ಟು, ತೂಗಿ, ಚಪ್ಪಾಳೆ ತಟ್ಟಿ ಬಿಟ್ಟ ಮೀನು ಎರಡು ದಿನದ ಮೇಲೆ ಸತ್ತರೆ ಅದನ್ನು ನೋಡಲು ಅಲ್ಲಿ ಯಾರೂ ಇರುವುದಿಲ್ಲ. ನೀರು ಬಿಸಿಯಾದಷ್ಟೂ ಈ ತಡವಾದ ಸಾವು ಹೆಚ್ಚು. 1999ರಲ್ಲಿ ಇದೇ ಜಲಾಶಯದಲ್ಲಿ ಬಾಸ್ ವೈರಸ್ ದೊಡ್ಡ ಮೀನುಗಳನ್ನು ಕೊಂದಿತು. ಆ ರೋಗದ ಸಾವುಗಳು ಸಾಮಾನ್ಯವಾಗಿ ಕಾಣುವುದು ಬೇಸಿಗೆಯಲ್ಲೇ. ವಸಂತದಲ್ಲಿ ಕಳೆದುಕೊಳ್ಳುವುದು ಮರಿಗಳನ್ನು, ಬೇಸಿಗೆಯಲ್ಲಿ ಕಳೆದುಕೊಳ್ಳುವುದು ಹತ್ತು ವರ್ಷದ ತಾಯಿಯನ್ನು.

ಮೀನು ಕಡಿಮೆಯಾದರೆ ಮರಿ ಬಿತ್ತಿದರಾಯಿತಲ್ಲ ಎಂಬ ವಾದವೂ ಇದೆ. ಟೆಕ್ಸಸ್ ಇದರಲ್ಲಿ ಹಳೆಯ ಕೈ. 1986ರಲ್ಲಿ ಶುರುವಾದ ಶೇರ್‌ಲಂಕರ್ ಯೋಜನೆಯಲ್ಲಿ ಗಾಳಗಾರರು 13 ಪೌಂಡ್ ಮೀರಿದ ಹೆಣ್ಣನ್ನು ಸರ್ಕಾರಕ್ಕೆ ಎರವಲು ಕೊಡುತ್ತಾರೆ, ಅದರ ಮರಿಗಳು ಜಲಾಶಯಗಳಿಗೆ ಹೋಗುತ್ತವೆ. ಮೊದಲ ಮೀನು ಬಂದದ್ದೂ ಲೇಕ್ ಫೋರ್ಕ್‌ನಿಂದಲೇ: ಆ ನವೆಂಬರ್‌ನಲ್ಲಿ ಸಿಕ್ಕ 17.67 ಪೌಂಡಿನ ಎಥೆಲ್. ಬಿತ್ತನೆಯಿಂದ ತಳಿ ಸುಧಾರಿಸಿತು ನಿಜ, ಆದರೆ ಒಂದು ಬೆರಳುದ್ದದ ಮರಿ ದೈತ್ಯನಾಗಲು ಮತ್ತದೇ ಹತ್ತು ಬೇಸಿಗೆ ದಾಟಬೇಕು. ಬಿತ್ತನೆ ಎಲ್ಲ ಕಡೆ ಒಳ್ಳೆಯದೇ ಎನ್ನಲೂ ಬಾರದು. ನಮ್ಮ ಕಾವೇರಿಗೆ 1970ರ ದಶಕದಿಂದ ಹೊರಗಿನ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಬಿಟ್ಟದ್ದು, ಅಲ್ಲಿಯದೇ ಆದ ಗೂನುಬೆನ್ನಿನ ಮಹಶೀರ್ ಇಂದು ಅಳಿವಿನಂಚಿಗೆ ಬಂದು ನಿಲ್ಲಲು ಒಂದು ಕಾರಣವೆಂದು ಸಂಶೋಧಕರು ಹೇಳುತ್ತಾರೆ. ಟೆಕ್ಸಸ್‌ನಲ್ಲಿ ಹೀರೋ ಆದ ಬಾಸ್ ಕೂಡ 1925ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ದೇಸಿ ಮೀನುಗಳಿಗೆ ಪಿಡುಗಾಗಿದೆ.

ಶರತ್ಕಾಲದಲ್ಲಿ ನೀರು ತಣಿದು ಪದರಗಳು ಬೆರೆತಾಗ ಶ್ಯಾಡ್ ಎಂಬ ಸಣ್ಣ ಮೀನಿನ ಹಿಂಡುಗಳು ಹಿನ್ನೀರಿನ ತೊರೆಗಳಿಗೆ ನುಗ್ಗುತ್ತವೆ, ಬಾಸ್ ಹಿಂಬಾಲಿಸುತ್ತದೆ. ಅಕ್ಟೋಬರ್, ನವೆಂಬರ್‌ಗಳಲ್ಲಿ ಹಿಡಿದು ಬಿಟ್ಟ ಮೀನಿಗೆ ಹಾನಿ ಕಡಿಮೆ, ಹಿಡಿಯುವವನಿಗೂ ಬಿಸಿಲಿನ ಕಾಟವಿಲ್ಲ. ಡಲ್ಲಾಸ್ ಕಡೆಯ ಓದುಗರು ಮಕ್ಕಳನ್ನು ಕರೆದುಕೊಂಡು ಗಾಳ ಹಿಡಿದು ಹೊರಡುವುದಾದರೆ ಅದೇ ಸರಿಯಾದ ಕಾಲ. 17 ತುಂಬಿದವರಿಗೆ ರಾಜ್ಯದ ಪರವಾನಗಿ ಬೇಕು, ಕೈಯಲ್ಲಿ ಅಳತೆಪಟ್ಟಿ ಇರಲಿ. ಆಗಸ್ಟ್‌ನಲ್ಲೇ ಹೋಗಬೇಕೆಂದರೆ ನಸುಕಿನಲ್ಲಿ ಹೋಗಿ ಬಿಸಿಲೇರುವ ಮೊದಲು ಮುಗಿಸಿ. ದೊಡ್ಡದು ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ನೀರಿನಲ್ಲಿಯೇ ಕೊಕ್ಕೆ ಬಿಡಿಸಿ, ಫೋಟೊ ಒಂದೇ ಸಾಕು.