ಪಕ್ಕವಾದ್ಯದಿಂದ ಸ್ವಂತ ಮೇಳಕ್ಕೆ: ಕೈಗಾರಿಕಾ ರಾಕ್ ಸಂಗೀತದ ಒಂದು ಪ್ರಸಂಗ

ಸಂಗೀತವೆಂದೊಡನೆ ಮಾಧುರ್ಯವನ್ನೇ ನೆನೆಯುವ ಮನಸ್ಸಿಗೆ, ಕಾರ್ಖಾನೆಯ ಸದ್ದನ್ನೇ ತನ್ನ ಸಾಮಗ್ರಿಯನ್ನಾಗಿ ಮಾಡಿಕೊಂಡ ಸಂಗೀತಪಂಥವೊಂದಿದೆಯೆಂದರೆ ಆಶ್ಚರ್ಯವೆನಿಸುವುದು ಸಹಜ. ಪಾಶ್ಚಾತ್ಯ ದೇಶಗಳಲ್ಲಿ ಇದಕ್ಕೆ ‘ಇಂಡಸ್ಟ್ರಿಯಲ್’, ಎಂದರೆ ಕೈಗಾರಿಕಾ ಸಂಗೀತವೆಂದು ಹೆಸರು. ಈ ಪಂಥದ ಹುಟ್ಟನ್ನೂ, ಅದರಲ್ಲಿ ಪಳಗಿದ ವಾದಕರು ಯಜಮಾನನ ಮೇಳವನ್ನು ತೊರೆದು ಸ್ವಂತ ಮೇಳ ಕಟ್ಟಿದಾಗ ಏಳುವ ಪ್ರಶ್ನೆಗಳನ್ನೂ ಒಂದು ನಿದರ್ಶನದ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

1975ರಲ್ಲಿ ಇಂಗ್ಲೆಂಡಿನಲ್ಲಿ ‘ಥ್ರಾಬಿಂಗ್ ಗ್ರಿಸಲ್’ ಎಂಬ ನಾಲ್ವರ ಗುಂಪು ಹುಟ್ಟಿತು. ಅವರು ಮರುವರ್ಷ ‘ಇಂಡಸ್ಟ್ರಿಯಲ್ ರೆಕಾರ್ಡ್ಸ್’ ಎಂಬ ಧ್ವನಿಮುದ್ರಿಕಾ ಸಂಸ್ಥೆಯನ್ನು ತಾವೇ ಸ್ಥಾಪಿಸಿದರು; ಪಂಥದ ಹೆಸರಿಗೆ ಅದೇ ಮೂಲ. 1980ರಲ್ಲಿ ಪಶ್ಚಿಮ ಬರ್ಲಿನ್ನಿನಲ್ಲಿ ಆರಂಭವಾದ ‘ಐನ್‌ಸ್ಟ್ಯುರ್ಟ್ಸೆಂಡೆ ನೊಯ್‌ಬೌಟನ್’ ಎಂಬ ಮೇಳದ ಹೆಸರಿಗೆ ‘ಕುಸಿಯುತ್ತಿರುವ ಹೊಸ ಕಟ್ಟಡಗಳು’ ಎಂದು ಅರ್ಥ. ತಗಡು, ಕಬ್ಬಿಣದ ತುಂಡು, ರಂಧ್ರ ಕೊರೆಯುವ ಯಂತ್ರಗಳೇ ಅದರ ವಾದ್ಯಗಳು. ಆ ದಶಕದ ಉತ್ತರಾರ್ಧದಲ್ಲಿ ಷಿಕಾಗೋ ನಗರದ ‘ಮಿನಿಸ್ಟ್ರಿ’ ಮೊದಲಾದ ಮೇಳಗಳು ಈ ಯಂತ್ರನಾದಕ್ಕೆ ರಾಕ್ ಸಂಗೀತದ ಕರ್ಕಶವಾದ ಗಿಟಾರನ್ನು ಜೋಡಿಸಿದವು. ಕೈಗಾರಿಕಾ ರಾಕ್ ಎಂಬುದು ಹೀಗೆ ರೂಪುಗೊಂಡಿತು.

ಈ ಬೆಳವಣಿಗೆಗೆ ಉಪಕರಣಗಳ ಸುಧಾರಣೆಯೇ ಮುಖ್ಯ ಕಾರಣ. ‘ಸ್ಯಾಂಪ್ಲರ್’ ಎಂಬ ಯಂತ್ರವು ಯಾವುದೇ ಸದ್ದನ್ನು ಅಂಕೆಗಳ ರೂಪದಲ್ಲಿ ಸಂಗ್ರಹಿಸಿಟ್ಟುಕೊಂಡು, ಕೀಲಿಮಣೆಯನ್ನೊತ್ತಿದಾಗ ಬೇಕಾದ ಸ್ವರದಲ್ಲಿ ಹೊರಡಿಸುತ್ತದೆ. ‘ಸೀಕ್ವೆನ್ಸರ್’ ಸ್ವರಗಳ ಅನುಕ್ರಮವನ್ನು ನೆನಪಿಟ್ಟುಕೊಂಡು ತಪ್ಪದೆ ಪುನರಾವರ್ತಿಸುತ್ತದೆ. ತಾಳಯಂತ್ರವು ಡೋಲು ಬಾರಿಸುವವನ ಸ್ಥಾನದಲ್ಲಿ ನಿಲ್ಲುತ್ತದೆ. 1983ರಲ್ಲಿ ಬಳಕೆಗೆ ಬಂದ ‘ಮಿಡಿ’ ಎಂಬ ಸಂಕೇತಪದ್ಧತಿಯಿಂದ ಬೇರೆಬೇರೆ ತಯಾರಕರ ಯಂತ್ರಗಳು ಒಂದರ ಆಜ್ಞೆಯನ್ನೊಂದು ಪಾಲಿಸುವುದು ಸಾಧ್ಯವಾಯಿತು. ದೊಡ್ಡ ಬಂಡವಾಳವೂ ಹಲವು ವಾದಕರೂ ಬೇಕಾಗಿದ್ದ ಕೆಲಸವನ್ನು ಇಬ್ಬರು ಒಂದು ಕೋಣೆಯಲ್ಲಿ ಮಾಡಬಲ್ಲವರಾದರು.

ಇದರ ಪೂರ್ಣ ಪ್ರಯೋಜನವನ್ನು ಪಡೆದವನು ಅಮೆರಿಕದ ಕ್ಲೀವ್‌ಲ್ಯಾಂಡಿನ ಟ್ರೆಂಟ್ ರೆಝ್ನರ್. ಸ್ಥಳೀಯ ಮೇಳಗಳಲ್ಲಿ ಕೀಲಿಮಣೆ ನುಡಿಸಿ ಅನುಭವ ಪಡೆದಿದ್ದ ಈತ ಒಂದು ಧ್ವನಿಮುದ್ರಣಶಾಲೆಯಲ್ಲಿ ಕೆಲಸಕ್ಕಿದ್ದು, ಬಿಡುವಿನ ವೇಳೆಯಲ್ಲಿ ಅಲ್ಲಿಯ ಉಪಕರಣಗಳಿಂದಲೇ ತನ್ನ ಹಾಡುಗಳನ್ನು ಸಿದ್ಧಪಡಿಸಿದನು. 1988ರಲ್ಲಿ ‘ನೈನ್ ಇಂಚ್ ನೇಲ್ಸ್’ ಆರಂಭವಾಯಿತು. 1989ರಲ್ಲಿ ಪ್ರಥಮ ಮುದ್ರಿಕೆ ‘ಪ್ರಿಟಿ ಹೇಟ್ ಮೆಷೀನ್’ ಹೊರಬಂದಿತು. ಹೆಸರು ಮೇಳದ್ದಾದರೂ 2016ರಲ್ಲಿ ಆಟಿಕಸ್ ರಾಸ್ ಸೇರುವವರೆಗೆ ಅದರ ಅಧಿಕೃತ ಸದಸ್ಯನು ರೆಝ್ನರ್ ಒಬ್ಬನೇ. ರಂಗದ ಮೇಲೆ ನುಡಿಸುತ್ತಿದ್ದ ಉಳಿದವರು ಸಂಚಾರದ ಸಂಗಡಿಗರು.

ಅಂತಹ ಸಂಗಡಿಗರಲ್ಲೊಬ್ಬ ಗಿಟಾರ್ ವಾದಕ ರಿಚರ್ಡ್ ಪ್ಯಾಟ್ರಿಕ್. ಆತನ ಸ್ಥಿತಿಯನ್ನು ತಿಳಿಯಲು ಈ ಉದ್ಯಮದ ಲೆಕ್ಕಾಚಾರವನ್ನು ಗಮನಿಸಬೇಕು. ಹಾಡಿನ ಕರ್ತೃವಿಗೆ ಅದು ಮಾರಾಟವಾದಾಗಲೂ ಪ್ರಸಾರವಾದಾಗಲೂ ಗೌರವಧನ ಸಲ್ಲುತ್ತದೆ. ನುಡಿಸಲು ಗೊತ್ತುಮಾಡಿಕೊಂಡ ವಾದಕನಿಗಾದರೋ ಸಾಮಾನ್ಯವಾಗಿ ಸಂಬಳ ಮಾತ್ರ. ಹೆಸರಿನಲ್ಲಿಯೂ ಪಾಲಿಲ್ಲ, ಕೃತಿಯಲ್ಲಿಯೂ ಪಾಲಿಲ್ಲ. ನಮ್ಮ ವೃತ್ತಿ ನಾಟಕ ಕಂಪೆನಿಗಳ ಇತಿಹಾಸ ಬಲ್ಲವರಿಗೆ ಈ ಸಂಕಟ ಅಪರಿಚಿತವಲ್ಲ. 1993ರಲ್ಲಿ ಪ್ಯಾಟ್ರಿಕ್ ಆ ಮೇಳವನ್ನು ಬಿಟ್ಟನು. ಯಂತ್ರಸಂಯೋಜನೆಯಲ್ಲಿ ನಿಪುಣನಾದ ಬ್ರಯನ್ ಲೀಸೆಗಾಂಗ್‌ನೊಡನೆ ಸೇರಿ ‘ಫಿಲ್ಟರ್’ ಎಂಬ ಸ್ವಂತ ಮೇಳವನ್ನು ಕಟ್ಟಿದನು.

ಅವರಿಬ್ಬರೂ ಕ್ಲೀವ್‌ಲ್ಯಾಂಡಿನ ಸಮೀಪದ ಒಂದು ಮನೆಯಲ್ಲಿಯೇ ಧ್ವನಿಮುದ್ರಣಕ್ಕೆ ತೊಡಗಿದರು. ಅವರ ಸಂಗೀತದಲ್ಲಿ ಕೆಲವೆಡೆ ನಿಜವಾದ ಗಿಟಾರಿದ್ದರೆ, ಕೆಲವೆಡೆ ಯಂತ್ರದೊಳಗೆ ಹಿಡಿದು ಗುರುತು ಸಿಗದಂತೆ ಮಾರ್ಪಡಿಸಿದ ಗಿಟಾರಿನ ನಾದವಿದೆ. ತಾಳಕ್ಕೆ ಬಹುಮಟ್ಟಿಗೆ ಯಂತ್ರವೇ ಆಧಾರ. ಹೀಗೆ ಸಿದ್ಧವಾದ ‘ಷಾರ್ಟ್ ಬಸ್’ ಎಂಬ ಮುದ್ರಿಕೆ 1995ರಲ್ಲಿ ಪ್ರಕಟವಾಗಿ, ಅಮೆರಿಕದಲ್ಲಿ 10 ಲಕ್ಷ ಪ್ರತಿಗಳಿಗೆ ಸಲ್ಲುವ ಪ್ಲಾಟಿನಂ ಮನ್ನಣೆಯನ್ನು ಗಳಿಸಿತು.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಮನೆಯಲ್ಲಿ ಇಬ್ಬರಿಗೆ ಸಾಕಾಗಿದ್ದುದು ರಂಗಸ್ಥಳದಲ್ಲಿ ಸಾಲದಾಯಿತು. ಸಭಿಕರ ಮುಂದೆ ನುಡಿಸಲು ಗಿಟಾರಿಗೆ ಜೀನೋ ಲೆನಾರ್ಡೋ, ಮಂದ್ರದ ಬಾಸ್ ಗಿಟಾರಿಗೆ ಫ್ರ್ಯಾಂಕ್ ಕ್ಯಾವನಾ, ಡೋಲುಗಳಿಗೆ ಮ್ಯಾಟ್ ವಾಕರ್ ಬೇಕಾದರು. ನಿನ್ನೆಯ ಪಕ್ಕವಾದ್ಯದವನು ಇಂದು ಇತರರನ್ನು ಗೊತ್ತುಮಾಡಿಕೊಳ್ಳುವ ಯಜಮಾನನಾದನು. 1997ರಲ್ಲಿ ಲೀಸೆಗಾಂಗ್ ಹೊರನಡೆದನು. ಮೇಳದ ಹೆಸರು ಪ್ಯಾಟ್ರಿಕ್‌ನಲ್ಲಿಯೇ ಉಳಿಯಿತು. ಆದರೂ ಸಂಚಾರಕ್ಕೆಂದು ಬಂದ ಲೆನಾರ್ಡೋ 1999ರ ‘ಟೈಟಲ್ ಆಫ್ ರೆಕಾರ್ಡ್’ ಮುದ್ರಿಕೆಯ ರಚನೆಯಲ್ಲಿ ಭಾಗಿಯಾದನೆಂಬುದು ಗಮನಾರ್ಹ. ಪ್ಯಾಟ್ರಿಕ್‌ಗೆ ಹಿಂದೆ ದೊರೆಯದಿದ್ದ ಅವಕಾಶ ಆತನ ಮೇಳದಲ್ಲಿ ಮತ್ತೊಬ್ಬ ವಾದಕನಿಗೆ ದೊರೆಯಿತು. ಅನಂತರ ಸದಸ್ಯರು ಬದಲಾಗುತ್ತ ಹೋದರೂ ಮೇಳ ಉಳಿದುಬಂದಿತು. 2023ರಲ್ಲಿಯೂ ಅದರ ಹೊಸ ಮುದ್ರಿಕೆ ಹೊರಬಂದಿದೆ.

ಈ ಪ್ರಸಂಗದಿಂದ ಎರಡು ಸಂಗತಿಗಳು ವಿಶದವಾಗುತ್ತವೆ. ಯಂತ್ರವು ಕಲಾವಿದನ ಶತ್ರುವೆಂಬ ಮಾತು ಪೂರ್ಣ ಸತ್ಯವಲ್ಲ. ಇಲ್ಲಿ ಅದು ಕಡಮೆ ಬಂಡವಾಳದ ವಾದಕನನ್ನು ಸ್ವತಂತ್ರ ಕರ್ತೃವನ್ನಾಗಿ ಮಾಡಿತು. ಆದರೆ ಜೊತೆಗಾರರೊಡನೆ ಕೀರ್ತಿಯನ್ನೂ ಆದಾಯವನ್ನೂ ಹೇಗೆ ಹಂಚಿಕೊಳ್ಳಬೇಕೆಂಬ ಹಳೆಯ ಪ್ರಶ್ನೆಯನ್ನು ಯಾವ ಯಂತ್ರವೂ ಬಿಡಿಸಿಕೊಡಲಾರದು. ಅದನ್ನು ಪ್ರತಿಯೊಂದು ಮೇಳವೂ, ಅಷ್ಟೇಕೆ, ಕೂಡಿ ದುಡಿಯುವ ಪ್ರತಿಯೊಂದು ಸಂಘವೂ ತಾನೇ ಬಿಡಿಸಿಕೊಳ್ಳಬೇಕಾಗಿದೆ.