ಮಧುಮೇಹಿ ವಿದ್ಯಾರ್ಥಿಯ ಸಾಯಿಕಲ್ಲು

ಬಾಲ್ಯದಲ್ಲಿಯೇ ಮಧುಮೇಹ ತಗಲಿದ ಹುಡುಗನು ಸಾಯಿಕಲ್ಲು ತುಳಿಯಬಹುದೇ? ಈ ಪ್ರಶ್ನೆಗೆ ನಾವು ಒಮ್ಮೆ ಕೊಟ್ಟ ಉತ್ತರದಿಂದ ಒಬ್ಬ ವಿದ್ಯಾರ್ಥಿಯ ಒಂದು ವರುಷವು ವ್ಯರ್ಥವಾಯಿತು. ಆದುದರಿಂದಲೇ ವಾಚಕರ ಮುಂದೆ ಇದನ್ನು ಬರೆಯುತ್ತಿದ್ದೇವೆ.

ನಾವು ಹಾನಗಲ್ಲ ತಾಲೂಕಿನ ಒಂದು ಶಾಲೆಯಲ್ಲಿದ್ದಾಗಿನ ಸಂಗತಿಯಿದು. 2006-07ರಲ್ಲಿ ಆರಂಭವಾದ ಸರಕಾರದ ಯೋಜನೆಯಂತೆ ಎಂಟನೆಯ ಇಯತ್ತೆಯ ಮಕ್ಕಳಿಗೆ ಸಾಯಿಕಲ್ಲುಗಳು ಬರತೊಡಗಿದ್ದವು. ಎರಡು ಹರದಾರಿ ದೂರದ ಹಳ್ಳಿಯಿಂದ ಬರುತ್ತಿದ್ದ ಹುಡುಗನೊಬ್ಬನಿಗೂ ಒಂದು ದೊರೆಯಿತು. ಅವನು ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುವನೆಂಬುದು ನಮಗೆ ಗೊತ್ತಿತ್ತು. ಅದರ ಮರ್ಮವು ಮಾತ್ರ ಗೊತ್ತಿರಲಿಲ್ಲ. ಒಂದು ಸಂಜೆ ಅವನು ಕೆರೆಯ ಏರಿಯ ಮೇಲೆ ಸಾಯಿಕಲ್ಲಿನೊಡನೆ ಬಿದ್ದಿದ್ದನು. ಮೈಯೆಲ್ಲ ಬೆವರು, ಕೈಗಳಲ್ಲಿ ನಡುಕ, ತೊದಲು ಮಾತು. ಕೂಡಿದ ಜನರು ಗಾಳಿ ಬಡಿದಿದೆಯೆಂದರು. ನಾವು ಅಷ್ಟು ಅಜ್ಞರಲ್ಲವೆಂಬ ಹೆಮ್ಮೆಯಿಂದ ಅವನ ತಂದೆಯನ್ನು ಕರೆಯಿಸಿ, ಸಾಯಿಕಲ್ಲಿಗೆ ಬೀಗ ಹಾಕಲು ಹೇಳಿದೆವು. ಹೊತ್ತಿಗೆ ಸರಿಯಾದ ಬಸ್ಸು ಆ ಹಳ್ಳಿಗಿರಲಿಲ್ಲ. ಸಾಯಿಕಲ್ಲಿನೊಡನೆ ಅವನ ಶಾಲೆಯೂ ನಿಂತಿತು.

ಸುಶ್ರುತಸಂಹಿತೆಯನ್ನು ನಾವು ಅದಕ್ಕೆ ಮೊದಲೇ ಓದಿದ್ದೆವು. ಪ್ರಮೇಹವು ಹುಟ್ಟಿನಿಂದ ಬರುವುದೊಂದು, ಅಪಥ್ಯದಿಂದ ಬರುವುದೊಂದು ಎಂದು ಅಲ್ಲಿ ಎರಡು ವಿಧವಾಗಿ ಹೇಳಿದೆ. ಮೊದಲನೆಯವನು ಕೃಶನು, ಎರಡನೆಯವನು ಸ್ಥೂಲನು. ಬಡವನಾದ ರೋಗಿಯು ಛತ್ರಿ ಪಾದರಕ್ಷೆಗಳಿಲ್ಲದೆ, ಊರಿಗೆ ಒಂದೇ ರಾತ್ರಿ ತಂಗುತ್ತ, ಮುನಿಯಂತೆ ನೂರು ಯೋಜನ ನಡೆಯಬೇಕೆಂಬ ವಿಧಿಯೂ ಅಲ್ಲಿದೆ. ಆದರೆ ಕೃಶನನ್ನು ಸದಾ ಕಾಪಾಡಬೇಕೆಂದು ಅದೇ ಆಚಾರ್ಯನು ಎಚ್ಚರಿಸಿದ್ದಾನೆ. ಕಾಪಾಡುವುದೆಂದರೆ ಕೂಡಿಸಿಡುವುದೆಂದು ನಾವು ಅರ್ಥ ಮಾಡಿಕೊಂಡೆವು. ಪಂಡಿತರಿಗೆ ಇಂಥ ತಪ್ಪುಗಳು ಬಹು ಸುಲಭ.

ಕಾಪಾಡುವ ನಿಜವಾದ ಸಾಧನವು ದೊರೆತುದು 1921ರಲ್ಲಿ, ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರ ಪ್ರಯೋಗಗಳಿಂದ. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರುಷದ ಬಾಲಕನಿಗೆ ಆ ಔಷಧವನ್ನು ಚುಚ್ಚಿದರು. ಇನ್ಸುಲಿನ್ನು ರಕ್ತದ ಸಕ್ಕರೆಯನ್ನು ಇಳಿಸುತ್ತದೆ. ತುಳಿಯುವ ಸ್ನಾಯುಗಳೂ ಅದನ್ನೇ ಸೆಳೆದುಕೊಳ್ಳುತ್ತವೆ. ಹೊಟ್ಟೆ ಬರಿದಾಗಿದ್ದರೆ ಎರಡೂ ಕೂಡಿ ಮನುಷ್ಯನನ್ನು ಕೆಡವುತ್ತವೆ. ನಮ್ಮ ಹುಡುಗನು ಅಂದು ಮಧ್ಯಾಹ್ನ ಉಂಡಿರಲಿಲ್ಲ! ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಸಕ್ಕರೆ ಇಳಿದರೆ ಸುಮಾರು 15 ಗ್ರಾಂ, ಅಂದರೆ ಮೂರು ನಾಲ್ಕು ಚಹದ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಕಿ ಕುಡಿದು, 15 ನಿಮಿಷ ಕಾದು, ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವನ ಬಾಯಿಗೆ ಮಾತ್ರ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ತುಳಿಯುವ ಮುನ್ನ ತೊಡೆಗೆ ಚುಚ್ಚಿದರೆ ಔಷಧವು ಬೇಗನೆ ಏರುತ್ತದೆ. ಹಗಲಿನ ಶ್ರಮವು ರಾತ್ರಿ ನಿದ್ದೆಯಲ್ಲಿ ಸಕ್ಕರೆಯನ್ನು ಇಳಿಸುವುದೂ ಉಂಟು.

ಇದನ್ನೆಲ್ಲ ಮೊದಲು ಕಲಿತವಳು ಅವನ ತಾಯಿ. ಆಕೆ ಓದಿದ್ದು ಎರಡನೆಯ ಇಯತ್ತೆ. ವೈದ್ಯರಲ್ಲಿಗೆ ಮೂರು ಸಲ ಹೋಗಿ ಕೇಳಿಕೊಂಡು ಬಂದು, ಒಂದು ದಿನ ತಾನೇ ಬೀಗ ತೆಗೆದಳು.

ಅಮೆರಿಕದ ಫಿಲ್ ಸದರ್ಲ್ಯಾಂಡ್ ಎಂಬವನಿಗೆ ಏಳು ತಿಂಗಳ ಶಿಶುವಾಗಿದ್ದಾಗಲೇ ಈ ವ್ಯಾಧಿಯಿತ್ತು. ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತ ಸಾಯಿಕಲ್ಲಿನ ಪಂದ್ಯಗಳಲ್ಲಿ ಓಡಿದ ಅವನು, ಸಮದುಃಖಿಯಾದ ಜೋ ಎಲ್ಡ್ರಿಜ್‌ನೊಡನೆ ಮಧುಮೇಹಿಗಳದೇ ಒಂದು ತಂಡವನ್ನು ಕಟ್ಟಿದನು. ಆ ದೇಶವನ್ನು ಅಡ್ಡಹಾಯುವ ಪಂದ್ಯದಲ್ಲಿ ತಂಡಗಳ ವಿಭಾಗವನ್ನು ಅವರು 2007ರಲ್ಲಿ ಗೆದ್ದರು. ಇದು ನಮಗೆ ತಿಳಿದುದು ಬಹು ತಡವಾಗಿ.

ನಮ್ಮ ಹುಡುಗನು ಮುಂದೆ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯವನ್ನು ಸೇರಿದನು. ಹಾಡುಗಳನ್ನು ಸಂಗ್ರಹಿಸಲು ಸವಣೂರು, ಹಾನಗಲ್ಲ, ಹಿರೇಕೆರೂರು ಸೀಮೆಯ ಹಳ್ಳಿಗಳನ್ನು ಸಾಯಿಕಲ್ಲಿನ ಮೇಲೆಯೇ ಸುತ್ತಿದನು. ಊರಿಗೆ ಒಂದು ರಾತ್ರಿ, ಸುಶ್ರುತನ ಬಡರೋಗಿಯಂತೆಯೇ. ಅವನ ವಹಿಯಲ್ಲಿ ಎಡಪುಟಕ್ಕೆ ಸಕ್ಕರೆಯ ಅಂಕಿಗಳು, ಬಲಪುಟಕ್ಕೆ ತ್ರಿಪದಿಗಳು. ಬಿಸಿಲಲ್ಲಿ ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಪದ್ಧತಿಯಷ್ಟೆ. ಹಾಡುವ ಮುದುಕಿಯರು ಕೊಟ್ಟ ಬೆಲ್ಲವನ್ನು ಬೇಡವೆನ್ನಲಾರದೆ ಮೊದಮೊದಲು ಪೇಚಾಡಿದನಂತೆ. ಆಮೇಲೆ ಕಾಗದದಲ್ಲಿ ಕಟ್ಟಿ ಕಿಸೆಯಲ್ಲಿಡತೊಡಗಿದನು. ಸರ್ವಜ್ಞನ ಅಬಲೂರಿಗೆ ಹೋಗುವ ದಾರಿಯಲ್ಲಿ, ನೆರಳೂ ಜನರೂ ಇಲ್ಲದೆಡೆ ಕೈ ನಡುಗಿದಾಗ, ಆ ಕಿಸೆಯ ಬೆಲ್ಲವೇ ಅವನನ್ನು ಉಳಿಸಿತು.

ಈಗ ಅವನೂ ಅಧ್ಯಾಪಕನು. ಕಳೆದ ತಿಂಗಳು ಸಾಯಿಕಲ್ಲಿನ ಮೇಲೆ ನಮ್ಮ ಮನೆಗೆ ಬಂದಿದ್ದನು. ಹಳೆಯ ಬೀಗದ ಮಾತೆತ್ತಿ ಕ್ಷಮೆ ಕೇಳಬೇಕೆಂದು ನಾವು ಬಾಯಿ ತೆರೆದೆವು. ಅವನು ಬೆರಳ ತುದಿಯನ್ನು ಚುಚ್ಚಿ ಯಂತ್ರವನ್ನು ನೋಡುತ್ತಿದ್ದನು.

"ಅರವತ್ತಾರು ಅದರೀ ಗುರುಗಳ. ಮೊದಲು ಒಂದೀಟು ಸಕ್ರಿ ಕೊಡ್ರಿ, ಆಮ್ಯಾಲೆ ಮಾತಾಡೂಣು" ಎಂದನು.

ನಮ್ಮ ಮನೆಯವರು ಸಕ್ಕರೆಯ ಡಬ್ಬಿಯನ್ನೇ ತಂದಿಟ್ಟರು. ಹದಿನೈದು ನಿಮಿಷ ಇಬ್ಬರೂ ಗಡಿಯಾರವನ್ನು ನೋಡುತ್ತ ಕುಳಿತೆವು.